ಆಮೆನಮ್ಮನ ಕಿವಿ ಮಡಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ, ಆವಿಗೆ ಮಂಜಾದ ಕಿಟಕಿಯ ಕೆಳಗೆ, ಆಮೆನಮ್ಮ ಬಿಸಿ ಬೆಡ್‌ಶೀಟೊಂದನ್ನು ಕೊಡವಿ, ಮೊಣಕೈಯಿಂದ ಸುಕ್ಕು ಒತ್ತಿ, ಮಡಚುತ್ತಾರೆ. ಕೊನೆಗೆ ಒಂದು ಮೂಲೆಯನ್ನು ಪುಟ್ಟ ಕಿವಿಯಂತೆ ಒಳಕ್ಕೆ ತುರುಕುತ್ತಾರೆ. ದಿನವೂ ಬಿಸಿ ಬಟ್ಟೆ ಮುಟ್ಟಿ ಅವರ ಬೆರಳ ತುದಿಗಳು ನುಣುಪಾಗಿವೆ. ವಾರ್ಡಿನವರು ಹಾಸಿಗೆ ಬದಲಿಸುವ ಹೊತ್ತಿಗೆ ಈ ರಾಶಿ ಮೇಲೆ ಹೋಗಬೇಕು. ಆ ಹಾಸಿಗೆಗಳಲ್ಲಿ ಮಲಗುವವರು ಯಾರೂ ಇವರನ್ನು ಕಂಡವರಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು ಮೇಜಿನ ಪಕ್ಕ ಕೂತಿದ್ದೇನೆ.

ಆಮೆನಮ್ಮ ಎನ್ನುವುದು ಜೊತೆಯವರು ಇಟ್ಟ ಅಡ್ಡಹೆಸರು. ಯಾರು ಏನೆಂದರೂ ಎದುರಾಡದೆ, ಪ್ರಾರ್ಥನೆಗೆ 'ಆಮೆನ್' ಅನ್ನುವ ಹಾಗೆ, ತಲೆಯಾಡಿಸುವುದಕ್ಕೆ ಸಿಕ್ಕ ಬಿರುದು. ಭಾನುವಾರ ಚರ್ಚಿನ ಹಿಂದಿನ ಬೆಂಚು, ಉಳಿದ ದಿನ ಈ ಮೇಜು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದ್ದು ಇದನ್ನೇ ನಂಬಿ. ಬೆಳೆದ ಮಗಳು ಇಲ್ಲಿಯೇ ಇಸ್ತ್ರಿ ಯಂತ್ರಕ್ಕೆ ಸೇರಿಕೊಂಡಳು. ಬಾಯಿ ಜೋರು. "ನನ್ನ ಪಾಲಿನ ಮಾತೂ ಅವಳಿಗೇ ಹೋಗಿದೆ" ಎಂದು ತಾಯಿ ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮಡಚುವವರಿಗೆಲ್ಲ ಅವರವರ ಕೈಯ ರೂಢಿಯಿರುತ್ತದೆ. ಬಟ್ಟೆಯಲ್ಲಿ ಕಲೆ ಉಳಿದಿದೆಯೇ ಎಂದು ಕೊನೆಯದಾಗಿ ನೋಡಬೇಕಾದವರು ಅವರೇ. ಹಾಗಾಗಿ ಕಲೆಯ ಶೀಟು ವಾಪಸು ಬಂದರೆ, ಮಡಿಕೆ ನೋಡಿಯೇ ತಪ್ಪು ಯಾರದೆಂದು ತೀರ್ಮಾನವಾಗುತ್ತದೆ. ಒಂದು ದಿನ ಸೂಪರ್‌ವೈಸರ್ ಎಲ್ಲರೆದುರು ಈ ಕಿವಿ ಮಡಿಕೆಯನ್ನು ಹೊಗಳಿ, ಎದುರು ಮೇಜಿನ ಹೆಂಗಸಿಗೆ "ಈಯಮ್ಮನ್ನ ನೋಡಿ ಕಲಿ" ಎಂದರು. ಆಕೆ ಕಲಿತಳು. ಕಲೆ ಹೋಗದ ಶೀಟು ಸಿಕ್ಕಿದಾಗಲೆಲ್ಲ ಅದಕ್ಕೆ ಕಿವಿ ಮಡಿಕೆ ಹಾಕಿ ಮೇಲಕ್ಕೆ ಕಳಿಸತೊಡಗಿದಳು.

ಬೈಗುಳವೆಲ್ಲ ಆಮೆನಮ್ಮನಿಗೆ. "ಗೊತ್ತಿತ್ತು. ಕಣ್ಣೆದುರೇ ಮಾಡ್ತಿದ್ಲು. ಅವಳಿಗೋಸ್ಕರ ಪ್ರಾರ್ಥನೆ ಮಾಡ್ದೆ. ಯೇಸು ಸ್ವಾಮಿ ಅಷ್ಟು ಅನ್ನಿಸ್ಕೊಂಡೂ ಬಾಯಿ ತೆರೀಲಿಲ್ಲ, ನಂದೇನು ಮಹಾ ಅಂದ್ಕೊಂಡೆ."

ನೀವು ಬೇರೆ ಥರ ಮಡಚಬಹುದಿತ್ತಲ್ಲ ಎಂದು ಕೇಳುತ್ತೇನೆ. "ಹಾಗೆ ಮಾಡಿದ್ರೆ ಕಿವಿ ಮಡಿಕೆ ಅವಳೊಬ್ಬಳದೇ ಅಂತಾಗಿ ಸಿಕ್ಕಿಬೀಳ್ತಿದ್ಲು" ಎನ್ನುತ್ತಾರೆ. ನನಗೇ ಮೈ ಉರಿಯುತ್ತದೆ. ನಿಮಗೆ ಉರಿಯಲಿಲ್ಲವೇ?

"ಉರಿಯುತ್ತಪ್ಪಾ, ನಾನೇನು ಕಲ್ಲಾ? ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳ್ಕೊಂಡು ಬರ್ತಿದ್ದೆ."

ಇಲ್ಲಿಗೆ ಮುಗಿದಿದ್ದರೆ, ಸಹನೆಗೆ ಕೈಮುಗಿದು ನಾನೂ ಎದ್ದು ಬರುತ್ತಿದ್ದೆ. ಆದರೆ ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ರಕ್ತದ ಕಲೆಯ ಶೀಟೊಂದು ವಾಪಸು ಬಂತು. ಸೂಪರ್‌ವೈಸರ್ ಅದನ್ನು ಆಮೆನಮ್ಮನ ಮುಖಕ್ಕೇ ಎಸೆದರು. "ತಪ್ಪಾಯ್ತು ಸಾರ್" ಎಂದು ಇವರು ಬಗ್ಗಿ ಎತ್ತಿಕೊಂಡರು. ಮಗಳು ಯಂತ್ರ ನಿಲ್ಲಿಸಿ ಓಡಿ ಬಂದಳು.

"ಅದು ಅಮ್ಮ ಮಡಚಿದ್ದಲ್ಲ ಸಾರ್. ಇವಳು ಬೇಕಂತಲೇ ಮಾಡ್ತಿದ್ದಾಳೆ. ಅಮ್ಮನೇ ನೋಡಿದ್ದಾಳೆ, ಬೇಕಾದ್ರೆ ಕೇಳಿ."

ಎದುರು ಮೇಜಿನ ಹೆಂಗಸು ಆಣೆ ಹಾಕಿ ಅಳತೊಡಗಿದಳು. ಸೂಪರ್‌ವೈಸರ್ ಆಮೆನಮ್ಮನ ಕಡೆ ತಿರುಗಿದರು. "ಏನಮ್ಮ, ನಿನ್ನ ಮಗಳು ಹೇಳ್ತಿರೋದು ನಿಜಾನಾ?"

ಆಮೆನಮ್ಮ ತಲೆ ತಗ್ಗಿಸಿ ನಿಂತರು. "ತುದಿ ನಾಲಿಗೆವರೆಗೂ ಬಂತು. ಎಷ್ಟೋ ವರ್ಷದ ಅಭ್ಯಾಸ ನೋಡಿ, ನುಂಗಿಬಿಟ್ಟೆ" ಎಂದು ಈಗ ಹೇಳುತ್ತಾರೆ.

ಮಗಳು ಎಲ್ಲರ ಕಣ್ಣಲ್ಲಿ ಸುಳ್ಳು ಚಾಡಿ ಹೇಳಿದವಳಾದಳು. ಅವಳನ್ನು ಕೊಳೆಬಟ್ಟೆ ಬೇರ್ಪಡಿಸುವ ಕೋಣೆಗೆ ಹಾಕಿದರು. ಅಲ್ಲಿ ಕೀವು, ರಕ್ತ, ವಾರ್ಡಿನವರು ಬಟ್ಟೆಯೊಳಗೆ ಮರೆತ ಸೂಜಿಗಳು. ಮರುದಿನ ತಾಯಿ ಸೂಪರ್‌ವೈಸರ್ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮಗಳನ್ನ ಉಳಿಸ್ಕೊಳ್ಳೋಕೆ ಈಗ ಕತೆ ಕಟ್ತೀಯಾ?" ಎಂದು ಅವರು ಬಾಗಿಲು ತೋರಿಸಿದರು.

"ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ಕೊಡು ಅಂತ ಕಲ್ತಿದ್ದೆ" ಎಂದು ಆಮೆನಮ್ಮ ಶೀಟಿನ ಅಂಚು ಹಿಡಿದು ನಿಲ್ಲುತ್ತಾರೆ. "ನಾನು ಕೊಟ್ಟಿದ್ದು ನನ್ನ ಮಗಳ ಕೆನ್ನೆ."

ಮಗಳು ಈಗ ಚರ್ಚಿಗೆ ಬರುವುದಿಲ್ಲ. ದೇವರು ಎಲ್ಲವನ್ನೂ ನೋಡುತ್ತಾನೆಂದು ಪಾದ್ರಿಗಳು ಸಮಾಧಾನ ಹೇಳಿದ್ದಾರೆ. "ನೋಡ್ತಾನೆ, ಇಲ್ಲ ಅನ್ನಲ್ಲ. ಅವಳಿಗೆ ಸೂಜಿ ಚುಚ್ಚಿದ್ದನ್ನೂ ನೋಡಿರ್ತಾನಲ್ಲ" ಎನ್ನುತ್ತಾರೆ. ಆ ಸೂಜಿ ಯಾವ ರೋಗಿಯದೋ ಯಾರಿಗೂ ತಿಳಿಯದು. ಮಗಳಿಗೆ ಮತ್ತೊಮ್ಮೆ ರಕ್ತಪರೀಕ್ಷೆಗೆ ಬರಲು ಡಾಕ್ಟರು ಹೇಳಿದ್ದಾರೆ. ಎದುರು ಮೇಜಿನ ಹೆಂಗಸು ಇವತ್ತೂ ಅಲ್ಲೇ ಇದ್ದಾಳೆ, ನಮ್ಮ ಕಡೆ ನೋಡದೆ ಮಡಚುತ್ತಿದ್ದಾಳೆ. ಆಕೆಗಾಗಿ ಈಗಲೂ ಪ್ರಾರ್ಥಿಸುತ್ತೀರಾ ಎಂದರೆ ಆಮೆನಮ್ಮ ಮುಂದಿನ ಶೀಟು ಎತ್ತಿಕೊಂಡು ಕೊಡವುತ್ತಾರೆ.

ಕೊಳೆಬಟ್ಟೆಯ ಕೋಣೆಯಿಂದ ತಳ್ಳುಗಾಡಿ ಬರುತ್ತದೆ. ತಳ್ಳುತ್ತಿರುವವಳು ಮಗಳು, ಬೆರಳಿಗೆ ಪಟ್ಟಿ. "ತಿಂಡಿ ತಿಂದ್ಯೇನೇ?" ಎಂದು ತಾಯಿ ಕೇಳುತ್ತಾರೆ. ಅವಳು ತಲೆಯಾಡಿಸುತ್ತಾಳೆ, ಗಾಡಿಯನ್ನು ಒಗೆಯುವ ಯಂತ್ರದ ಬಳಿ ಬಿಟ್ಟು ಬಂದ ದಾರಿಯಲ್ಲೇ ಹೊರಟುಹೋಗುತ್ತಾಳೆ.

ನಿಮ್ಮ ಆಸೆ ಏನು ಎಂದು ಕೊನೆಗೆ ಕೇಳುತ್ತೇನೆ. ಆಮೆನಮ್ಮ ಬಾಗಿಲನ್ನೇ ನೋಡುತ್ತಾರೆ.

"ಒಂದು ಸಲ ನನ್ನನ್ನ ಬಾಯಿಗೆ ಬಂದ ಹಾಗೆ ಬೈಲಿ. ಮೊದ್ಲು ದಿನಾ ಜಗಳ ಆಡೋಳು, ಮಾತಾಡಮ್ಮಾ, ಮಾತಾಡು ಅಂತ. ಈಗ ನೋಡಿ, ಏನಂದ್ರೂ ನನ್ನ ಹಾಗೇ ಸುಮ್ನೆ ತಲೆ ಆಡಿಸ್ತಾಳೆ."