ಹಿಂದೆ ಬರುವ ಸಿಪಾಯಿ

ಡಿಪೋದಲ್ಲಿ ಅವನಿಗೆ ನಿಧಾನಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಹೆಸರಂತೂ ಅಂಟಿಕೊಂಡಿತ್ತು. ಸ್ಟೀರಿಂಗ್ ಹಿಡಿದ ದಿನದಿಂದ ಒಂದು ಕನ್ನಡಿ ಒಡೆದವನಲ್ಲ, ಒಂದು ನಾಯಿಗೆ ತಾಗಿಸಿದವನಲ್ಲ. ಪ್ರಯಾಣಿಕರು ಗೊಣಗಿದರೆ ಉತ್ತರ ಕೊಡುವ ಕೆಲಸ ಅವನ ಕಂಡಕ್ಟರನದು. ಅಷ್ಟು ಅವಸರವಿದ್ದರೆ ಇಳಿದು ತಳ್ಳಿ ಎನ್ನುತ್ತಿದ್ದ ಅವನು. ಚಿಲ್ಲರೆ ಇಲ್ಲ ಎಂದು ಮುಖ ತಿರುಗಿಸದೆ ಎಲ್ಲರಿಗೂ ಮರಳಿ ಕೊಡುತ್ತಿದ್ದ ಅಪರೂಪದ ಪ್ರಾಣಿಯಾದ್ದರಿಂದ ಅವನ ಹೆಸರೇ ಚಿಲ್ಲರೆ ಎಂದಾಗಿತ್ತು. ಇಬ್ಬರದೂ ಗಂಡ ಹೆಂಡಿರಂಥ ಜೋಡಿ. ಜಗಳ ಆಡಿದ ದಿನವೂ ಊಟ ಮಾತ್ರ ಒಟ್ಟಿಗೇ.

ಬಸ್ ನಿಲ್ದಾಣದಲ್ಲಿ ರಿವರ್ಸ್ ತೆಗೆಯುವುದಕ್ಕೆ ಒಂದು ಪದ್ಧತಿಯಿತ್ತು. ಕಂಡಕ್ಟರು ಹಿಂದೆ ನಿಂತು ಸೀಟಿ ಊದುತ್ತಲೇ ಇರಬೇಕು. ಸೀಟಿ ಕೇಳುವಷ್ಟು ಹೊತ್ತು ಬಸ್ಸು ಹಿಂದಕ್ಕೆ ಬರಬಹುದು, ಸೀಟಿ ನಿಂತರೆ ಬಸ್ಸೂ ನಿಲ್ಲಬೇಕು. ಆ ಬೆಳಿಗ್ಗೆ ಪಕ್ಕದ ಬಸ್ಸೂ ಅದೇ ಹೊತ್ತಿಗೆ ಹಿಂದಕ್ಕೆ ಬರುತ್ತಿತ್ತು. ಹಿಂದಿನ ಚಕ್ರದ ದಾರಿಯಲ್ಲಿ ಒಡೆದ ಬಾಟಲಿಯೊಂದು ಚಿಲ್ಲರೆಯ ಕಣ್ಣಿಗೆ ಬಿತ್ತು. ಟೈರು ಹಾಳಾದೀತೆಂದು ಸೀಟಿ ನಿಲ್ಲಿಸಿ ಬಗ್ಗಿದ. ಪಕ್ಕದ ಬಸ್ಸಿನ ಸೀಟಿ ನಿಲ್ಲಲಿಲ್ಲ. ನಿಧಾನಿ ಅದನ್ನೇ ತನ್ನವನ ಸೀಟಿ ಎಂದುಕೊಂಡು ಹಿಂದೆ ಬಂದ. ನಿಧಾನವಾಗಿಯೇ ಬಂದ.

ಚಿಲ್ಲರೆಯ ಸಾವಿನ ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲ ಎಂದಾಯಿತು. ಚಿಲ್ಲರೆಯ ಹೆಂಡತಿ ತಾನೇ ನಿಧಾನಿಯ ಮನೆಗೆ ಬಂದು, "ನಿಮ್ಮ ತಪ್ಪೇನಿಲ್ಲ ಅಣ್ಣಾ, ಊಟ ಬಿಡಬೇಡಿ" ಎಂದು ಹೇಳಿ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಡಿಪೋ ಮ್ಯಾನೇಜರು ತಿಂಗಳ ಕೊನೆಯವರೆಗೆ ರಜೆ ಕೊಟ್ಟರು. ಆಮೇಲೆ ಮತ್ತೆ ಸ್ಟೀರಿಂಗ್ ಹಿಡಿಯಬೇಕು, ಇಲ್ಲವೆಂದರೆ ಬಸ್ಸು ತೊಳೆಯುವ ಕಡೆಗೆ ಹೋಗಬೇಕು. ನಿಧಾನಿಗೆ ಬಸ್ಸು ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಬರುತ್ತಿರಲಿಲ್ಲ. ಅನ್ನಕ್ಕೆ ಎಸರಿಡಲೂ ಬರುವುದಿಲ್ಲವೆಂದು ಹೆಂಡತಿ ಬದುಕಿದ್ದಷ್ಟು ದಿನ ಆಡಿಕೊಂಡಿದ್ದಳು.

ಮಗಳು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಗೋಡೆ ನೋಡಿಕೊಂಡು ಕೂರುವುದನ್ನು ಕಂಡು, ಯಾರೋ ರಿಪೇರಿಗೆ ಕೊಟ್ಟು ಮರಳಿ ಒಯ್ಯದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಳು. ಹೊಸ ಆಟಗಳ ಭಾರವನ್ನು ಅದು ತಾಳುತ್ತಿರಲಿಲ್ಲ. ಅವಳು ಹುಟ್ಟುವ ಕಾಲಕ್ಕೆ ಬಂದಿದ್ದ ಒಂದು ಆಟವನ್ನು ಹಾಕಿಕೊಟ್ಟಳು. ಒಂದು ದೊಡ್ಡ ಮಾಯಾದ್ವೀಪ, ಅದರಲ್ಲಿ ಊರುಗಳು, ಗುಹೆಗಳು, ಮಂತ್ರವಾದಿಗಳು. ಎಲ್ಲಿಗೆ ಬೇಕಾದರೂ ಹೋಗಬಹುದು. ಈಗಿನ ಆಟಗಳಲ್ಲಿ ಬಾಣದ ಗುರುತು ದಾರಿ ತೋರಿಸುತ್ತದಂತೆ, ಇದರಲ್ಲಿ ಎದುರಿಗೆ ಸಿಕ್ಕವರನ್ನು ಕೇಳಿಕೊಂಡೇ ಹೋಗಬೇಕು.

ನಿಧಾನಿ ಮೊದಲು ಮೂಗು ಮುರಿದ. ಮುಖಗಳೆಲ್ಲ ಸೌದೆ ಕೆತ್ತಿ ಮಾಡಿದಂತಿದ್ದವು, ನಾಲ್ಕು ಹೆಜ್ಜೆ ಆಚೆಗೆ ಬರೀ ಮಂಜು. ಆದರೂ ಒಮ್ಮೆ ದಾರಿಗಿಳಿದ ಮೇಲೆ ಕೈ ಬಿಡಲಿಲ್ಲ. ಆ ದ್ವೀಪದಲ್ಲೂ ಅವನು ರಸ್ತೆಯ ಎಡಗಡೆಯೇ ನಡೆದ. ತಿರುವು ಬಂದಲ್ಲಿ ಹಾರ್ನ್ ಯಾವುದು ಎಂದು ಕೇಳಿ ಮಗಳನ್ನು ನಗಿಸಿದ. ರಾಕ್ಷಸರನ್ನು ಕಂಡರೆ ಬಳಸಿಕೊಂಡು ಹೋಗುತ್ತಿದ್ದ. ಯುದ್ಧ ಮಾಡುವ ಆಟದಲ್ಲಿ ಹೀಗೆ ಊರೂರು ಸುತ್ತಿಕೊಂಡಿರುವವನು ನೀನೊಬ್ಬನೇ ಇರಬೇಕು ಎಂದಳು ಮಗಳು. ಊಟಕ್ಕೆ ಕರೆದರೆ ಎದ್ದು ಬರತೊಡಗಿದ, ಅವಳಿಗೆ ಅಷ್ಟೇ ಸಾಕಾಗಿತ್ತು.

ಬೆಟ್ಟದ ಆಚೆಯ ಊರಿಗೆ ಒಬ್ಬನೇ ಹೋಗುವುದು ಕಷ್ಟವೆಂದು ಅವಳೇ ಒಂದು ಛತ್ರದಲ್ಲಿ ಬಾಡಿಗೆ ಸಿಪಾಯಿಯೊಬ್ಬನನ್ನು ಗೊತ್ತುಮಾಡಿಕೊಟ್ಟಳು. ನಿಧಾನಿ ಹೋದಲ್ಲಿಗೆಲ್ಲ ಅವನು ಹಿಂದೆ ಬರುತ್ತಿದ್ದ. ಮಾತನಾಡಿಸಿದರೆ ಆಟದ ಭಾಷೆಯಲ್ಲಿ ಒಂದೇ ಮಾತು. ಏನನ್ನುತ್ತಾನೆ ಎಂದು ಕೇಳಿದ್ದಕ್ಕೆ ಮಗಳು ಹೇಳಿದಳು: "ನಡಿ, ನಾನು ಹಿಂದೇನೇ ಇದ್ದೀನಿ ಅಂತಾನೆ."

ನಿಧಾನಿ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದ. ಆಮೇಲೆ ಮುಂದೆ ಹೋದ. ಸಿಪಾಯಿ ಶುದ್ಧ ಪೆದ್ದ, ಬಾಗಿಲಿಗೆ, ಮರಕ್ಕೆ ಸಿಕ್ಕಿಕೊಂಡು ನಿಲ್ಲುತ್ತಿದ್ದ. ನಿಧಾನಿ ಬೇಸರವಿಲ್ಲದೆ ಹಿಂದಕ್ಕೆ ಹೋಗಿ ಕರೆದುಕೊಂಡು ಬರುತ್ತಿದ್ದ.

ಹಗ್ಗದ ಸೇತುವೆಯ ಮೇಲೆ ತೋಳವೊಂದು ಎದುರಾದಾಗ ಬಳಸಿ ಹೋಗಲು ಜಾಗವಿರಲಿಲ್ಲ. ನಿಧಾನಿ ಗಾಬರಿಯಿಂದ ಹಿಂದಕ್ಕೆ ಸರಿಯುತ್ತ, ಸುತ್ತ ತಿರುಗುತ್ತ ಕತ್ತಿ ಬೀಸಿದ. ಹಳೆಯ ಆಟ, ಅದರ ಕತ್ತಿಗೆ ನಮ್ಮವರು ಪರರು ಎಂಬುದಿಲ್ಲ. ತೋಳವೂ ಬಿತ್ತು, ಹಿಂದಿದ್ದ ಸಿಪಾಯಿಯೂ ಬಿದ್ದ. ನಿಧಾನಿ ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ.

ಮಗಳು ಅಡುಗೆಮನೆಯಿಂದ ಓಡಿ ಬಂದಳು. ತಾನು ಮಾಡಿದ್ದೇನು ಎಂದು ಅವಳಿಗೆ ಆಗ ಹೊಳೆಯಿತು. "ಸೇತುವೆಗೆ ಮುಂಚೆ ಸೇವ್ ಮಾಡಿದ್ದೀವಲ್ಲಪ್ಪಾ, ಅಲ್ಲಿಂದ ಮತ್ತೆ ಶುರು ಮಾಡಿದ್ರಾಯ್ತು" ಎಂದು ಗುಂಡಿ ಒತ್ತಿದಳು. ಪರದೆ ಕಪ್ಪಾಗಿ ಮತ್ತೆ ಬೆಳಕಾಯಿತು. ಸಿಪಾಯಿ ಏನೂ ಆಗದವನಂತೆ ನಿಂತಿದ್ದ. ನಡಿ, ನಾನು ಹಿಂದೇನೇ ಇದ್ದೀನಿ ಎಂದ.

ಅಂದಿನಿಂದ ನಿಧಾನಿ ಆ ಸೇತುವೆ ಬಿಟ್ಟು ಕದಲಲಿಲ್ಲ. ದಾಟುವುದು, ಸಿಪಾಯಿಗೆ ಪೆಟ್ಟು ಬಿದ್ದರೆ ಮತ್ತೆ ಮೊದಲಿಂದ ದಾಟುವುದು. ಒಂದು ಸಲ ಇಬ್ಬರೂ ಕ್ಷೇಮವಾಗಿ ದಾಟಿದರು. ಸಾಲದೆಂದು ಸೇವ್ ಮಾಡಿದಲ್ಲಿಗೇ ಹೋಗಿ ಮತ್ತೆ ದಾಟಿಸಿದ, ಮತ್ತೂ ದಾಟಿಸಿದ. ಕೊನೆಕೊನೆಗೆ ಸಿಪಾಯಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಇನ್ನು ತನ್ನ ಕೈಲಾಗುತ್ತದೆ ಎಂದು ನಿಧಾನಿ ನಂಬಿದ. ರಜೆ ಮುಗಿದ ಬೆಳಿಗ್ಗೆ ಖಾಕಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು ಹೊರಟ.

ಹೊಸ ಜೊತೆಗಾರ್ತಿ ಪಳಗಿದ ಕಂಡಕ್ಟರಮ್ಮ. ವಿಷಯವೆಲ್ಲ ಗೊತ್ತಿದ್ದವಳು. "ನೀವು ಹೆದರ್ಬೇಡಿ ಡ್ರೈವರಣ್ಣ, ನಾನು ಹಿಂದೆ ಇದ್ದೀನಿ" ಎಂದು ಹೇಳಿ ಹೋಗಿ ಸೀಟಿ ಊದಿದಳು. ಬಸ್ಸು ಅಲುಗಿತು. ಅವಳು ಉಸಿರು ತೆಗೆದುಕೊಳ್ಳಲು ಸೀಟಿ ಒಂದು ಚೂರು ನಿಂತಿತು. ನಿಧಾನಿ ಬ್ರೇಕ್ ತುಳಿದು, ಇಳಿದು, ಹಿಂದೆ ಹೋಗಿ ಅವಳನ್ನು ನೋಡಿ ಬಂದು ಕೂತ. ಮತ್ತೆ ಸೀಟಿ, ಮತ್ತೆ ಉಸಿರು, ಮತ್ತೆ ಇಳಿದ. ಪ್ರಯಾಣಿಕರು ಮೊದಲು ನಕ್ಕರು, ಆಮೇಲೆ ಬಾಯಿಗೆ ಬಂದಂತೆ ಬೈದರು. ಇಳಿದು ತಳ್ಳಿ ಎನ್ನಲು ಯಾರೂ ಇರಲಿಲ್ಲ. ಮತ್ತೊಮ್ಮೆ ಇಳಿದಾಗ ಅವನು ಹತ್ತಿ ಕೂರಲಿಲ್ಲ. ಬಸ್ಸಿನ ಕೀಲಿಯನ್ನು ಕಂಡಕ್ಟರಮ್ಮನ ಅಂಗೈಯಲ್ಲಿಟ್ಟ.

ಸಂಜೆ ಮಗಳು ಬರುವ ಹೊತ್ತಿಗೆ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ನಾಳೆಯಿಂದ ತೊಳೆಯುವ ಕಡೆ ಕೆಲಸ ಎಂದಷ್ಟೇ ಹೇಳಿದ. ಸಿಪಾಯಿಯನ್ನು ಸೇತುವೆಯಿಂದ ವಾಪಸ್ಸು ಕರೆದುಕೊಂಡು ಹೋಗಿದ್ದ. ಪರದೆಯಲ್ಲಿ ಆ ಹಳೆಯ ಛತ್ರವಿತ್ತು, ಒಲೆಯ ಪಕ್ಕದಲ್ಲಿ ಒಂದು ಬೆಂಚು.

"ಇವನನ್ನ ಇಲ್ಲೇ ಬಿಡೋಕಾಗುತ್ತಾ?"

"ಇಲ್ಲೇ ಇರು ಅಂದ್ರೆ ಇರ್ತಾನೆ. ಆದ್ರೆ ಒಬ್ಬನೇ ಹೋದ್ರೆ ನೀನು ಆ ಬೆಟ್ಟ ದಾಟಲ್ಲಪ್ಪಾ."

"ದಾಟದಿದ್ರೆ ಬೇಡ. ಇವನು ನನ್ನ ಹಿಂದೆ ಬರೋದು ಬೇಡ."

ಇಲ್ಲೇ ಇರು ಎಂಬ ಮಾತು ಪರದೆಯಲ್ಲಿ ಎಲ್ಲಿದೆ ಎಂದು ಮಗಳು ತೋರಿಸಿದಳು. ಸಿಪಾಯಿ ಬೆಂಚಿನ ಮೇಲೆ ಕೂತ. ನಿಧಾನಿ ಛತ್ರದ ಬಾಗಿಲು ದಾಟಿ ರಸ್ತೆಗಿಳಿದ, ಎಡಗಡೆಯೇ ನಡೆದ. ಸೇತುವೆಯ ಹತ್ತಿರ ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದ. ರಸ್ತೆ ಖಾಲಿಯಿತ್ತು. ಅವನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಅಷ್ಟು ದಿನ ಬಾರದಿದ್ದ ಅಳು ಬಂತು.