ನಮ್ಮ ಕೆರೆಗೆ ಬಿಟ್ಟ ಮೀನು

ನಮ್ಮ ಸೋದರತ್ತೆಯನ್ನು ಕಲ್ಯದ ಕಡೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದು, ನಮ್ಮ ಹಿತ್ತಲಲ್ಲೇ ಒಂದು ಕೋಣೆ ಹಾಕಿಕೊಂಡು ಬಾತುಕೋಳಿ ಸಾಕತೊಡಗಿದಳು. ಮಾಗಡಿ ಸೀಮೆಯ ನಮ್ಮೂರಲ್ಲಿ ಕುರಿ ಸಾಕುವವರಿದ್ದರು, ನಾಟಿ ಕೋಳಿ ಸಾಕುವವರಿದ್ದರು. ಬಾತು ಸಾಕಿದವಳು ಇವಳೊಬ್ಬಳೇ. ಬೆಳಿಗ್ಗೆ ಬಾಗಿಲು ತೆಗೆದರೆ ಅವು ಗದ್ದಲ ಮಾಡಿಕೊಂಡು ಕೆರೆಗೆ ಇಳಿಯುತ್ತಿದ್ದವು. ಸಂಜೆ ಅವಳು ಏರಿಯ ಮೇಲೆ ನಿಂತು ಕೂಗಿದರೆ ಹಿಂದಿರುಗುತ್ತಿದ್ದವು.

ಅತ್ತೆಗೆ ಮೀನೆಂದರೂ ಪ್ರಾಣ. ಬೇಸಿಗೆಯಲ್ಲಿ ಕೆರೆಯ ನೀರು ಮೊಳಕಾಲಿಗೆ ಇಳಿದಾಗ ಊರೆಲ್ಲ ಸೇರಿ ಮೀನು ಹಿಡಿಯುವುದು ನಮ್ಮಲ್ಲಿ ವಾಡಿಕೆ. ತಳವಿಲ್ಲದ ಬಿದಿರಿನ ಬುಟ್ಟಿಯಂಥ ಕೂಳಿ ಹಿಡಿದು ಅವಳು ಗಂಡಸರಿಗಿಂತ ಮೊದಲೇ ಕೆಸರಿಗೆ ಇಳಿದಿರುತ್ತಿದ್ದಳು. ಕೂಳಿಯನ್ನು ನೀರಿಗೆ ಒತ್ತಿ, ಮೇಲಿನಿಂದ ಕೈ ಬಿಟ್ಟು, ಒದ್ದಾಡುವ ಕೊರವ ಮೀನನ್ನು ಎತ್ತಿ ತೋರಿಸುವಾಗ ಅವಳ ಮುಖ ನೋಡಬೇಕಿತ್ತು. ಆ ದಿನ ಊರಿನ ಎಲ್ಲ ಮನೆಗಳಲ್ಲೂ ಮೀನಿನ ಸಾರು, ಮುದ್ದೆ.

ಆಗ ನಾನು ಬಿಡದಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಕಂಪನಿ ಬಸ್ಸಿನ ಕಿಟಕಿಯಿಂದ ನೋಡಿದರೆ ವಾರಕ್ಕೊಂದು ಹೊಲಕ್ಕೆ ತಂತಿ ಬೇಲಿ ಬಿದ್ದಿರುತ್ತಿತ್ತು. ನಮ್ಮೂರಿಗೆ ಫ್ಯಾಕ್ಟರಿ ಬರಲಿಲ್ಲ, ಹೊಂಡ ಬಂತು. ಕೆರೆಗೆ ನೀರು ತರುವ ಹಳ್ಳದ ಪಕ್ಕದ ಹೊಲವನ್ನು ನನ್ನ ದೊಡ್ಡಪ್ಪನ ಮಗ ಬೆಂಗಳೂರಿನವನೊಬ್ಬನಿಗೆ ಗುತ್ತಿಗೆ ಕೊಟ್ಟ. ಆ ಮನುಷ್ಯ ಜೆಸಿಬಿ ತರಿಸಿ ಹೊಂಡಗಳನ್ನು ತೋಡಿಸಿ, ಅವುಗಳಲ್ಲಿ ಕ್ಯಾಟ್‌ಫಿಶ್ ಬಿಟ್ಟ. ಕರ್ರಗೆ ಹಾವಿನ ಮೈ, ಬಾಯಿಯ ಸುತ್ತ ಉದ್ದುದ್ದ ಮೀಸೆ. ಆಫ್ರಿಕಾದ ಜಾತಿ ಅದು, ಸಾಕಬಾರದೆಂದು ಸರ್ಕಾರವೇ ನಿಷೇಧಿಸಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಇಲ್ಲದಿದ್ದರೆ ಹೊಂಡಗಳ ಸುತ್ತ ತಗಡು ಯಾಕೆ ಹೊಡೆಸುತ್ತಿದ್ದ?

ಸಿಟಿಯ ಕೋಳಿ ಅಂಗಡಿಗಳ ಕರುಳು, ಪುಕ್ಕ, ತಲೆಗಳು ಟೆಂಪೋದಲ್ಲಿ ಬಂದು ಆ ಹೊಂಡಗಳಿಗೆ ಬೀಳುತ್ತಿದ್ದವು. ಗಾಳಿ ತಿರುಗಿದರೆ ಊಟದ ತಟ್ಟೆಯ ಮುಂದೆ ಕೂರಲಾಗುತ್ತಿರಲಿಲ್ಲ. ದೊಡ್ಡಪ್ಪನ ಮಗನನ್ನು ಕೇಳಿದೆ.

“ನಿಂಗ್ಯಾಕ್ಲಾ ಉರಿ? ನನ್ ಹೊಲ, ನನ್ನಿಷ್ಟ,” ಅಂದ.

ಆ ವರ್ಷ ಮುಂಗಾರು ಜೋರಾಗಿ ಹಿಡಿದು ಒಂದು ಹೊಂಡ ತುಂಬಿ ಹರಿಯಿತು. ಕೆಲವು ಮೀನು ಹಳ್ಳಕ್ಕೆ ಬಿದ್ದು ಕೆರೆ ಸೇರಿದವು. ಆಮೇಲೆ ಅತ್ತೆಯ ಬಾತುಮರಿಗಳು ಕಡಿಮೆಯಾಗತೊಡಗಿದವು. ಮೊದಲು ನಾಯಿಯನ್ನು ಬೈದಳು, ಆಮೇಲೆ ಹದ್ದನ್ನು. ಒಂದು ಭಾನುವಾರ ನಾನೂ ಅವಳೂ ಏರಿಯ ಮೇಲೆ ಕೂತಿದ್ದೆವು. ತಾಯಿಯ ಹಿಂದೆ ತೇಲುತ್ತಿದ್ದ ಮರಿಯೊಂದು ಕಣ್ಣೆದುರೇ ಸರಕ್ಕನೆ ಒಳಕ್ಕೆ ಹೋಯಿತು. ಅಗಲ ಬಾಯಿಯೊಂದು ಕಂಡ ಹಾಗಾಯಿತು, ಅಷ್ಟೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ನೀರಿಗೇ ಧುಮುಕಿದಳು. ಸಿಕ್ಕಿದ್ದು ಬರೀ ಕೆಸರು.

“ಮಗ, ಇದು ನಮ್ ಕೆರೆ ಮೀನಲ್ಲ ಕಣ್ಲಾ,” ಎಂದಳು.

ಹಠ ಹಿಡಿದು ಕೆರೆಯ ಅಂಚಿನಲ್ಲಿ ಕೂಳಿ ಹಾಕಿ, ಕೊನೆಗೂ ಒಂದನ್ನು ಹಿಡಿದಳು. ತೋಳುದ್ದವಿತ್ತು. ಅದನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿ, ನನ್ನ ಕೈಲಿ ರಜ ಹಾಕಿಸಿ, ನನ್ನನ್ನೂ ಬಸ್ಸು ಹತ್ತಿಸಿದಳು. ಪಟ್ಟಣದ ಸರ್ಕಾರಿ ಕಚೇರಿಯೊಂದರ ಸಾಹೇಬರ ಮುಂದೆ ಚೀಲ ಬಿಚ್ಚಿದರೆ ಮೀನು ಇನ್ನೂ ಬದುಕಿತ್ತು! ಮೇಜಿನಿಂದ ಜಾರಿ, ನೆಲದ ಮೇಲೆ ತೆವಳುತ್ತ ಬೀರುವಿನ ಅಡಿಗೆ ನುಗ್ಗಿತು. ಸಾಹೇಬರು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡರು.

“ಇದು ನಿಷೇಧ ಆಗಿರೋ ಮೀನು. ಎಲ್ಲಿ ಸಾಕಿದ್ದೀಯಮ್ಮ?”

“ನಾನ್ಯಾಕಪ್ಪ ಸಾಕ್ಲಿ? ನನ್ ಬಾತ್ಮರಿ ನುಂಗೈತೆ, ಅದ್ಕೆ ಹಿಡ್ಕಂಬಂದಿವ್ನಿ!”

“ಸಾಕೋರು, ಇಟ್ಕೊಂಡಿರೋರು, ಎಲ್ಲರ ಮೇಲೂ ಕೇಸಾಗುತ್ತೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಗಡಿನ ಬೇಲಿಯೊಳಗೆ ಹೊಂಡಗಟ್ಟಲೆ ಸಾಕಿದವನನ್ನು ಬಿಟ್ಟು, ಚೀಲ ಹೊತ್ತು ತಂದ ಮುದುಕಿಗೆ ಕೇಸಿನ ಬೆದರಿಕೆ! ನಾನು ದನಿ ಏರಿಸಿದ ಮೇಲೆ, ಮುಂದಿನ ವಾರ ಬಂದು ನೋಡುತ್ತೇವೆ ಎಂದರು.

ಅವರು ಬರುವ ಹಿಂದಿನ ದಿನ, ಭಾನುವಾರ ನಡು ಮಧ್ಯಾಹ್ನ, ಹಳ್ಳದ ಕಡೆ ಜೆಸಿಬಿ ಸದ್ದು ಕೇಳಿತು. ಯಾರು ಸುಳಿವು ಕೊಟ್ಟರೋ ಗೊತ್ತಿಲ್ಲ. ನಾವು ಓಡಿ ಹೋಗುವಷ್ಟರಲ್ಲಿ ಬೆಂಗಳೂರಿನವನ ಕಡೆಯವರು ಎಲ್ಲ ಹೊಂಡಗಳ ಒಡ್ಡನ್ನೂ ಒಡೆದಿದ್ದರು. ಹಳ್ಳದಲ್ಲಿ ನೀರಿಗಿಂತ ಮೀನೇ ಹೆಚ್ಚಿತ್ತು. ಕಪ್ಪಗೆ, ಒಂದರ ಮೇಲೊಂದು ಹೊರಳಿಕೊಂಡು, ಎಲ್ಲ ನಮ್ಮ ಕೆರೆಗೆ. ಅತ್ತೆ ಹಳ್ಳಕ್ಕೆ ಅಡ್ಡ ನಿಂತು ಬರಿಗೈಯಲ್ಲಿ ಹಿಡಿದು ಹಿಡಿದು ದಂಡೆಗೆ ಎಸೆಯುತ್ತಿದ್ದಳು. ಎಸೆದವು ಹುಲ್ಲಿನ ಮೇಲೆ ತೆವಳಿ ಮತ್ತೆ ನೀರಿಗೇ ಬೀಳುತ್ತಿದ್ದವು.

ದೊಡ್ಡಪ್ಪನ ಮಗ ಒಡ್ಡಿನ ಮೇಲೆ ನಿಂತು ನೋಡುತ್ತಿದ್ದ. ಅತ್ತೆ ಅವನ ಕಡೆ ತಿರುಗಿ ಕೂಗಿದಳು: “ನೀನೂ ಇದೇ ಕೆರೆ ನೀರು ಕುಡ್ದು ಬೆಳ್ದೋನಲ್ವೇನ್ಲಾ?”

ನಾನು ಅವನ ಕೊರಳಪಟ್ಟಿ ಹಿಡಿದೆ. ಊರವರು ಬಂದು ಬಿಡಿಸಿದರು. ಆ ದಿನದಿಂದ ಎರಡು ಮನೆಗೂ ಮಾತಿಲ್ಲ.

ಮರುದಿನ ಬಂದ ಸಾಹೇಬರು ಖಾಲಿ ಹೊಂಡಗಳನ್ನು ನೋಡಿ, “ಇಲ್ಲಿ ಏನೂ ಇಲ್ವಲ್ಲ,” ಎಂದು ಎಳನೀರು ಕುಡಿದು ಹೋದರು. ಬೆಂಗಳೂರಿನವನು ತಗಡು ಬಿಚ್ಚಿಕೊಂಡು ಹೋದ. ಅವನಿಗೆ ಏನೂ ಆಗಲಿಲ್ಲ. ಏನೂ.

ಬೇಸಿಗೆಯಲ್ಲಿ ಊರವರು ಒಂದು ಬೆಳೆಯನ್ನೇ ಬಿಟ್ಟು ತೂಬೆತ್ತಿ ಕೆರೆ ಖಾಲಿ ಮಾಡಿದರು. ಆದಷ್ಟು ಹಿಡಿದು ಕೊಂದರು. ಕೊರವ ಇರಲಿಲ್ಲ, ಪಕ್ಕೆ ಮೀನೂ ಇರಲಿಲ್ಲ, ಕಪ್ಪೆಯ ದನಿಯೂ ಇರಲಿಲ್ಲ. ತಳ ಒಣಗಿ ಬಿರುಕು ಬಿಟ್ಟಿತು, ಇನ್ನು ಮುಗಿಯಿತು ಎಂದುಕೊಂಡೆವು. ಮಳೆ ಬಂದು ಕೆರೆಗೆ ನೀರು ಸೇರಿದ ಮೇಲೆ ಅವೇ ಮೀಸೆಗಳು ಎದ್ದು ಬಂದವು. ಕೆಸರಿನೊಳಗೆ ಹುದುಗಿ ಕಾದಿದ್ದವು. ಅತ್ತೆ ಉಳಿದ ಬಾತುಗಳನ್ನು ಕನಕಪುರದ ಕಡೆಯ ನೆಂಟರಿಗೆ ಕೊಟ್ಟುಬಿಟ್ಟಳು. ಮೀನು ತಿನ್ನುವುದನ್ನೂ ಬಿಟ್ಟಳು.

ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಹುಡುಗರು ಗಾಳದ ಕೋಲು ಹಿಡಿದು ಕಾರಲ್ಲಿ ಬರತೊಡಗಿದರು. ಒಮ್ಮೆ ನಮ್ಮ ಮನೆಯಲ್ಲಿ ನೀರು ಕೇಳಿದರು. ಅತ್ತೆ ಚೊಂಬು ತುಂಬಿ ಕೊಟ್ಟು, “ಎಲ್ಲಾನೂ ಹಿಡ್ಕಂಡೋಗ್ರಪ್ಪ, ಒಂದೂ ಬುಡಬ್ಯಾಡಿ,” ಎಂದಳು. ಅವರು ನಕ್ಕು ತಲೆಯಾಡಿಸಿದರು. ಸಂಜೆ ಏರಿಯ ಮೇಲೆ ಹೋದಾಗ ನೋಡುತ್ತೇನೆ, ಒಬ್ಬ ತೊಡೆ ಗಾತ್ರದ ಮೀನನ್ನು ಎದೆಗೆ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದ. ತೆಗೆಸಿಕೊಂಡಾದ ಮೇಲೆ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಬಗ್ಗಿ, ಅದನ್ನು ಮೆಲ್ಲಗೆ ಕೆರೆಗೇ ಬಿಟ್ಟ. “ಪಾಪ, ಬದುಕ್ಲಿ ಬಿಡಿ ಅಂಕಲ್,” ಎಂದ ನನಗೆ.

ಆ ಹೊತ್ತು ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರು ಕಾರು ಹತ್ತಿ ಹೋಗುವವರೆಗೂ ಬೈಯುತ್ತಲೇ ಇದ್ದೆ.