ಜೆಟ್ ಗಾಳಿಯ ಧನಪಾಲ ಮತ್ತು ಶಾಲನಳ ಸಂಡಿಗೆ

ಗಡಿಯೂರು ಗಡಹಿಂಗ್ಲಜದ ಧನಪಾಲನದು ಬೀಜ-ಗೊಬ್ಬರದ ಅಂಗಡಿ. ಮೊಬೈಲಿನಲ್ಲಿ ಗಾಳಿಯ ನಕ್ಷೆ ನೋಡುವ ಹುಚ್ಚು ಹತ್ತಿದಾಗಿನಿಂದ ಮಹಾರಾಯ ಬಾಯಿ ಮುಚ್ಚಿದ್ದೇ ಇಲ್ಲ. ಚೈತ್ರದಲ್ಲಿ ಅರಬ್ಬಿ ಸಮುದ್ರದ ಹಸಿಗಾಳಿ ಘಟ್ಟ ಹತ್ತಿ ಬರುತ್ತದೆ, ಉತ್ತರದಿಂದ ಒಣಗಾಳಿ ಇಳಿಯುತ್ತದೆ, ಎರಡೂ ನಮ್ಮ ನೆತ್ತಿಯ ಮೇಲೇ ಜಗಳಕ್ಕೆ ನಿಲ್ಲುತ್ತವೆ. ಬಲು ಎತ್ತರದಲ್ಲಿ ಪಶ್ಚಿಮದಿಂದ ಓಡುವ ಜೆಟ್ ಗಾಳಿ ದಕ್ಷಿಣಕ್ಕೆ ಬಾಗಿ ಮೇಲೆ ತಂಪು ತಂದಿತೋ, ಮುಗಿಯಿತು, ಗುಡುಗು, ಆಲಿಕಲ್ಲು! ಇಷ್ಟನ್ನೂ ಹೇಳದೆ ಅವನು ಉತ್ತೂರಿನ ಕಬ್ಬಿನವರಿಗೆ ಒಂದು ಚೀಲ ಯೂರಿಯಾ ಕೊಟ್ಟವನಲ್ಲ.

ಚೈತ್ರದ ಒಂದು ಬೆಳಿಗ್ಗೆ ಹೆಂಡತಿ ಶಾಲನ ಮಾಳಿಗೆಯ ಗಚ್ಚಿಯ ತುಂಬ ಹೆಸರುಬೇಳೆಯ ಸಂಡಿಗೆ ಒಣಗಲು ಇಟ್ಟಿದ್ದಳು. ಮುಂದೆ ಮಳೆಗಾಲದಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಈ ಜೈನರ ಮನೆಯಲ್ಲಿ ಸೊಪ್ಪು-ತರಕಾರಿ ಬಂದ್. ಆಗ ಪಲ್ಯ ಅಂದರೆ ಇದೇ.

"ಏನ್ರಿ, ಸೆಕಿ ಭಾಳ ಐತಿ, ಮಳಿ ಬರೂ ಹಂಗ ಕಾಣತೈತಿ. ಸಂಡಿಗಿ ಒಳಗ ತರ್ಲ್ಯಾ?" ಎಂದು ಮಧ್ಯಾಹ್ನ ಕೇಳಿದಳು.

"ಬಿಡ. ಜೆಟ್ ಗಾಳಿ ಹಿಮಾಲಯದ ಕಡೆ ಹೋಗೈತಿ. ಇವತ್ತ ಒಂದ ಹನಿ ಬಿದ್ರ ನನಗ ಬ್ಯಾರೆ ಹೆಸರ ಇಡ!"

ಸಂಜೆಯ ಊಟ ಹೊತ್ತು ಮುಳುಗುವ ಮೊದಲೇ ಆಗಬೇಕು, ಅದು ಮನೆಯ ನೇಮ. ಅಂಗಡಿಯಲ್ಲಿ ಹರಟುತ್ತ ಕುಳಿತವನು ಹೊರಗೆ ಕತ್ತಲಾದದ್ದು ಕಂಡು ಧಡಕ್ಕನೆ ಎದ್ದ. ಗಡಿಯಾರವನ್ನೂ ನೋಡದೆ ಅಂಗಡಿಯ ಹಿಂದಿನ ಮನೆಗೆ ಓಡಿದ.

"ಶಾಲನ, ಹೊತ್ತ ಮುಳಗಾಕತ್ತೈತಿ, ಲಗೂ ಬಡಸ!"

ಸಂಡಿಗೆಯನ್ನು ಊಟವಾದ ಮೇಲೆ ತೆಗೆದರಾಯಿತೆಂದು ಅವಳೂ ತಾಟು ಹಾಕಿಕೊಂಡು ಕುಳಿತಳು. ಎರಡನೇ ರೊಟ್ಟಿಗೆ ಗುಡುಗಿತು. ತಾಟು ಬಿಟ್ಟು ಏಳುವಂತಿಲ್ಲ; ಗಬಗಬ ತಿಂದು, ಕೈತೊಳೆದು ಇಬ್ಬರೂ ಗಚ್ಚಿ ಹತ್ತುವಷ್ಟರಲ್ಲಿ ಆಲಿಕಲ್ಲು ಬಡಿದು, ಸಂಡಿಗೆಯೆಲ್ಲ ಹಿಟ್ಟಾಗಿ ಕೊಳವೆಯಲ್ಲಿ ಹರಿದು ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೋಡ ಸರಿಯಿತು. ನೋಡಿದರೆ ಫಳಫಳ ಬಿಸಿಲು! ಹವಾಮಾನದ ಪಂಡಿತರು ಮಳೆಮೋಡವನ್ನೇ ಸಂಜೆಯೆಂದು ತಿಳಿದು ಊಟ ಮುಗಿಸಿದ್ದರು.

"ಅದು... ಜೆಟ್ ಗಾಳಿ ನಡುವ ದಕ್ಷಿಣಕ್ಕ ಬಾಗೈತಿ ನೋಡ," ಎಂದ ಧನಪಾಲ.

ಶಾಲನಳ ಕಣ್ಣು ತುಂಬಿದ್ದವು. ಅದನ್ನು ಕಂಡು ಅವನು ಮೊಬೈಲನ್ನು ಕಿಸೆಗೆ ಹಾಕಿದ.

"ನಂದ ತಪ್ಪ. ನಾಳೆ ಬ್ಯಾಳಿ ನಾನ ರುಬ್ಬತೇನಿ."

"ರುಬ್ಬಾಕ ಮಿಕ್ಸರ್ ಐತ್ರಿ. ನೀವು ಮೊಬೈಲ್ ನನ್ನ ಕೈಯಾಗ ಕೊಟ್ಟ ಸಂಡಿಗಿ ಕಾಯ್ಕೋತ ಗಚ್ಚಿ ಮ್ಯಾಲ ಕುಂಡ್ರರಿ."

ಮರುದಿನ ಗೊಬ್ಬರಕ್ಕೆಂದು ಬಂದ ಉತ್ತೂರಿನ ತಾನಾಜಿ, ಅಂಗಡಿಯ ಬಾಗಿಲು ಮುಚ್ಚಿದ್ದು ಕಂಡು ತಲೆಯೆತ್ತಿದ. ಮೇಲೆ ಟವೆಲ್ ಸುತ್ತಿಕೊಂಡ ಧನಪಾಲ ಹೊಸ ಸಂಡಿಗೆಯ ಪಕ್ಕ ಬೆವರುತ್ತ ಕುಳಿತಿದ್ದ.

"ಕಾಕಾ, ಇವತ್ತ ಮಳಿ ಬರತೈತೇನ್ರಿ?"

"ಬಂದ್ರ ಊರಾಗ ಮೊದಲ ನನಗ ಗೊತ್ತಾಗತೈತಿ, ತಗೋ."